ಹೊಲದ ಹುಲ್ಲು, ನೆಲದ ಹಕ್ಕಿ: ಓದುಗರ ಪ್ರಶ್ನೆಗಳು

ಪ್ರಶ್ನೆ: ರಾಣೆಬೆನ್ನೂರು ಹತ್ತಿರ ನಮ್ಮದು ಏಳು ಎಕರೆ ಹೊಲ. ಅದರಲ್ಲಿ ಎರಡು ಎಕರೆ ಬರೀ ಗರಸು, ಹುಲ್ಲು ಬಿಟ್ಟರೆ ಏನೂ ಬರುವುದಿಲ್ಲ. ಅಲ್ಲಿ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಅವಕ್ಕೆ ಆಸರೆ ಆಗಲಿ ಎಂದು ಮಗ ಇನ್ನೂರು ಸಸಿ ನೆಡೋಣ ಅನ್ನುತ್ತಿದ್ದಾನೆ. ಯಾವ ಗಿಡ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಮಗನ ಮನಸ್ಸು ದೊಡ್ಡದು, ಬೈಯಬೇಡಿ, ಆ ಸಸಿಗಳನ್ನು ಮನೆ ಹಿತ್ತಲಲ್ಲಿ ನೆಡಲಿ. ನೆಲಗುಬ್ಬಿ, ಟಿಟ್ಟಿಭ ಇವಕ್ಕೆಲ್ಲ ಬೇಕಾಗಿರುವುದು ಬಟ್ಟಬಯಲು. ನಾಯಿಯೋ ನರಿಯೋ ಬಂದರೆ ದೂರದಿಂದಲೇ ಕಾಣಬೇಕು. ನಡುವೆ ನಾಲ್ಕು ಮರ ಎದ್ದವು ಅಂದರೆ ಅದರ ತುದಿಯಲ್ಲಿ ಕಾಗೆ ಕೂತು ಇಡೀ ಹೊಲ ಕಾಯುತ್ತೆ, ಮೊಟ್ಟೆ ಮರಿ ಎರಡೂ ಉಳಿಯಲ್ಲ.

ನಿಮ್ಮ ಪಕ್ಕದಲ್ಲೇ ಉದಾಹರಣೆ ಇದೆ ಅಲ್ವಾ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ. ಆ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಬಯಲು ಹಕ್ಕಿ, ಓಡಾಡುತ್ತಿತ್ತು. ಬಯಲು ಅಂದರೆ ಬರಡು ಎಂದುಕೊಂಡು ಎಕರೆಗಟ್ಟಲೆ ನೀಲಗಿರಿ ನೆಟ್ಟರು. ನೀಲಗಿರಿ ಉಳಿಯಿತು, ಎರೆಭೂತ ಹೋಯಿತು.

ಬದುವಿನ ಮೇಲೆ ಈಗಾಗಲೇ ಇರುವ ಕಾರೆ, ಬಾರಿ ಪೊದೆಗಳು ಇರಲಿ. ಅವುಗಳ ಬುಡದಲ್ಲಿ ಗೌಜಲಹಕ್ಕಿ ಮೊಟ್ಟೆ ಇಡುತ್ತದೆ. ಬಳ್ಳಾರಿ ಜಾಲಿ ತಲೆ ಎತ್ತಿದ್ದರೆ ಮಾತ್ರ ಸಣ್ಣದಿರುವಾಗಲೇ ಬೇರು ಸಮೇತ ಕಿತ್ತುಬಿಡಿ, ಆಮೇಲೆ ಅದು ನಿಮ್ಮನ್ನೇ ಹೊಲದಿಂದ ಓಡಿಸುತ್ತದೆ.

ಹುಲ್ಲು ಕೊಯ್ಯಬೇಡಿ ಅಂತ ನಾನು ಹೇಳುವುದಿಲ್ಲ. ದನಕ್ಕೆ ಮೇವು ಬೇಕು, ಬಣವೆ ಒಟ್ಟಬೇಕು. ಮಳೆಗಾಲದ ಮರಿಗಳು ಹಾರುವಷ್ಟಾಗಲಿ, ದೀಪಾವಳಿ ಕಳೆದ ಮೇಲೆ ಕೊಯ್ಯಿರಿ. ಕುಡುಗೋಲಾದರೆ ಗೂಡು ಕಣ್ಣಿಗೆ ಬೀಳುತ್ತದೆ, ಮೆಷಿನ್‌ಗೆ ಕಣ್ಣಿಲ್ಲ. ಮೆಷಿನ್ನೇ ಬೇಕು ಅನ್ನುವುದಾದರೆ ನಡುವಿನಿಂದ ಶುರುಮಾಡಿ ಅಂಚಿನ ಕಡೆ ಬನ್ನಿ. ಸುತ್ತಲಿಂದ ಕೊಯ್ಯುತ್ತಾ ಬಂದರೆ ಹುಲ್ಲಲ್ಲಿ ಅಡಗುವ ಬುರ್ಲಿ ಹಕ್ಕಿಗಳು (ಕ್ವೇಲ್) ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಮೂರರಲ್ಲಿ ಒಂದು ಪಾಲು ಹಾಗೇ ಬಿಡಿ, ಮುಂದಿನ ವರ್ಷ ಬೇರೆ ಪಾಲು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಹದ್ದುಗಳು ರಾತ್ರಿ ಮಲಗುವುದು ಮರದ ಮೇಲಲ್ಲ, ಇಂಥ ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆ. ಹಗಲಿಡೀ ಹೊಲದ ಮೇಲೆ ತೇಲುತ್ತಾ ಮಿಡತೆ ಹಿಡಿಯುತ್ತವೆ. ಕೂಲಿ ಕೇಳದ ಆಳು ಅಂದುಕೊಳ್ಳಿ. ಮೇಯಿಸುವುದಕ್ಕೂ ತೊಂದರೆ ಇಲ್ಲ, ಗಿಡ್ಡ ಹುಲ್ಲೇ ಬೇಕು ಅನ್ನುವ ಹಕ್ಕಿಗಳೂ ಇವೆ. ಬೆಂಕಿ ಮಾತ್ರ ಹಾಕಬೇಡಿ.

ಪ್ರಶ್ನೆ: ಹರಗುವಾಗ ಕುಂಟೆಯ ಮುಂದೆ ಟಿಟ್ಟಿಭದ ನಾಲ್ಕು ಮೊಟ್ಟೆ ಸಿಕ್ಕವು. ಎತ್ತಿ ಬದುವಿನ ಮೇಲೆ ಇಟ್ಟೆ. ಸರಿ ಮಾಡಿದೆನಾ?

ಉತ್ತರ: ಇಲ್ಲ, ಆದರೆ ನಾನೂ ಒಮ್ಮೆ ಅದನ್ನೇ ಮಾಡಿದ್ದೆ. ಸಂಜೆ ಹೋಗಿ ನೋಡಿದರೆ ಎರಡೂ ಹಕ್ಕಿಗಳು ಹಳೇ ಜಾಗದ ಸುತ್ತಲೇ ಓಡಾಡುತ್ತಿದ್ದವು. ಹತ್ತು ಮಾರು ಆಚೆ ಬದುವಿನ ಮೇಲೆ ಮೊಟ್ಟೆ ತಣ್ಣಗಾಗಿದ್ದವು. ಆ ಹಕ್ಕಿಗೆ ಗೊತ್ತಿರುವುದು ಜಾಗ. ಇದ್ದಲ್ಲೇ ಬಿಟ್ಟು ಸುತ್ತ ಒಂದು ಮಾರು ಜಾಗ ಉಳಿಸಿ ಹರಗಿ. ಒಂದು ತಿಂಗಳೊಳಗೆ ಮರಿ ಒಡೆಯುತ್ತವೆ, ಒಡೆದ ಸ್ವಲ್ಪ ಹೊತ್ತಿಗೇ ಎದ್ದು ಓಡುತ್ತವೆ, ಆಮೇಲೆ ಆ ಜಾಗ ನಿಮ್ಮದೇ. ಗುರುತಿಗೆ ಕೋಲು ನೆಡುವುದಾದರೆ ನಾಲ್ಕು ಹೆಜ್ಜೆ ದೂರ ನೆಡಿ, ಗೂಡಿನ ಪಕ್ಕದಲ್ಲೇ ನೆಟ್ಟರೆ ಕಾಗೆಗೆ ವಿಳಾಸ ಕೊಟ್ಟ ಹಾಗೆ.

ಇನ್ನೊಂದು, ಅದು ನಿಮ್ಮ ತಲೆ ಮೇಲೆ ಕಿರುಚಿಕೊಂಡು ಸುತ್ತುತ್ತಿದ್ದರೆ ಕಾಲ ಕೆಳಗೆ ನೋಡಿಕೊಳ್ಳಿ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ದನ ಹತ್ತಿರ ಬಂದರೆ ಮಾತ್ರ ಈ ಹಕ್ಕಿ ಓಡುವುದಿಲ್ಲ, ಮೊಟ್ಟೆ ಬಿಟ್ಟೇಳದೆ ಎರಡೂ ರೆಕ್ಕೆ ಅಗಲಿಸಿ ದನದ ಮೂತಿಗೇ ಗದರುತ್ತದೆ. ದನವೇ ಪಕ್ಕಕ್ಕೆ ಸರಿದು ಹೋಗುತ್ತದೆ.

ಪ್ರಶ್ನೆ: ಸಿರುಗುಪ್ಪ ಕಡೆ ನಮ್ಮ ಎರೆ ಹೊಲಕ್ಕೆ ಎರೆಭೂತ ಬರುತ್ತದೆ. ಹೇಳಿದರೆ ಅರಣ್ಯ ಇಲಾಖೆಯವರು ಹೊಲ ಕಿತ್ತುಕೊಳ್ಳುತ್ತಾರಾ?

ಉತ್ತರ: ಹಕ್ಕಿ ಬಂತು ಅನ್ನುವ ಕಾರಣಕ್ಕೆ ಪಹಣಿಯಲ್ಲಿ ನಿಮ್ಮ ಹೆಸರು ಬದಲಾಗುವುದಿಲ್ಲ. ವನ್ಯಜೀವಿಗಳನ್ನು ಕಾಪಾಡುವುದಕ್ಕಾಗಿ ಖಾಸಗಿ ಜಮೀನನ್ನು ಸಮುದಾಯ ಮೀಸಲು ಪ್ರದೇಶ ಮಾಡಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ ಅದಕ್ಕೆ ಮಾಲೀಕರು ತಾವಾಗೇ ಮುಂದೆ ಬರಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಹಾಗೆ ಆಯಿತು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಗೂಡು ಕಟ್ಟುವುದು ಊರಿನವರ ಸ್ವಂತ ಹುಣಸೆ ಮರಗಳಲ್ಲೂ. ಒಂದು ಎಚ್ಚರಿಕೆ ಹೇಳಲೇಬೇಕು. ಒಮ್ಮೆ ಘೋಷಣೆಯಾದರೆ ಜಮೀನಿನ ಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮನೆಯವರೆಲ್ಲ ಕೂತು ಮಾತಾಡಿ ಆಮೇಲೆ ಸಹಿ ಹಾಕಿ.

ಸಹಿ ಹಾಕದೆಯೂ ಮಾಡಬಹುದಾದ್ದು ಬೇಕಾದಷ್ಟಿದೆ. ಎರೆಭೂತ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಗೂಡು ಕಂಡ ಕಡೆ ಮರಿ ಏಳುವವರೆಗೆ ಟ್ರ್ಯಾಕ್ಟರ್ ಬಿಡಬೇಡಿ, ಹೊಲದ ನಾಯಿ ಕಟ್ಟಿಹಾಕಿ. ಹೊಲದ ಮೇಲೆ ಹೊಸ ವಿದ್ಯುತ್ ತಂತಿ ಎಳೆಯಲು ಬಂದರೆ ಅಲ್ಲೇ ತಕರಾರು ಎತ್ತಿ. ಗಂಡು ಹಕ್ಕಿ 15 ಕೆ.ಜಿ.ವರೆಗೆ ತೂಗುತ್ತದೆ, ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡಾಗ ತಿರುಗಲು ಆಗುವುದಿಲ್ಲ. ಮತ್ತೆ ಆ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಹಾಕಿದ ಮರುದಿನವೇ ಕ್ಯಾಮೆರಾ ಹಿಡಿದು ಹತ್ತು ಜನ ನಿಮ್ಮ ಕಡಲೆ ತುಳಿದುಕೊಂಡು ಬರುತ್ತಾರೆ.