ಓದುಗರ ಪ್ರಶ್ನೆ: ‘ನೀವು ಯಾವ ಮನೆಯವರು?’

ಹೋದ ಸಂಚಿಕೆಯಲ್ಲಿ ನೈಜೀರಿಯಾದ ಜನಾಂಗ ಜಗಳದ ಬಗ್ಗೆ ವಿರಾಜಪೇಟೆಯ ಒಬ್ಬ ವಿದ್ಯಾರ್ಥಿ ಕೇಳಿದ್ದ ಪ್ರಶ್ನೆ ಮಾತ್ರ ಹಾಕಿ, ಉತ್ತರ ಮುಂದಿನ ಸಲ ಅಂದಿದ್ದೆ. ಅಷ್ಟರಲ್ಲಿ ಅದೇ ವಿಷಯಕ್ಕೆ ಇನ್ನೂ ನಾಲ್ಕು ಪತ್ರ ಬಂದವು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಬೆಂಗಳೂರಿನ ಕಾಲೇಜಿನಲ್ಲಿ ನನ್ನ ಜೊತೆ ನೈಜೀರಿಯಾದ ಇಬ್ಬರು ಓದುತ್ತಾರೆ. ಒಬ್ಬ ಇಗ್ಬೊ ಜನಾಂಗದವನು, ಇನ್ನೊಬ್ಬ ಯೊರುಬಾ ಜನಾಂಗದವನು. ಒಂದೇ ರೂಮು, ಒಂದೇ ಪಾತ್ರೆಯಲ್ಲಿ ಅನ್ನ. ಆದ್ರೆ ಅವರ ದೇಶದವರು ಫೋನಿನಲ್ಲಿ ಬೈದಾಡುವುದನ್ನು ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಇಬ್ಬರೂ ಮಾತು ಬಿಟ್ಟಿರುತ್ತಾರೆ. ಅಷ್ಟು ದ್ವೇಷ ಎಲ್ಲಿಂದ ಬಂತು ಸರ್?
*— ವಿದ್ಯಾರ್ಥಿ, ವಿರಾಜಪೇಟೆ*

ಮೊದಲು ನಮ್ಮೂರಿನ ಒಂದು ಮಾತು ಹೇಳ್ತೀನಿ. ಕೊಡಗಿನಲ್ಲಿ ಹೊಸಬರು ಸಿಕ್ಕರೆ ನಾವು ಹೆಸರಿಗಿಂತ ಮುಂಚೆ ಕೇಳುವುದು ‘ನೀವು ಯಾವ ಮನೆಯವರು?’ ಅಂತ. ಮನೆ ಹೆಸರು ಹೇಳಿದ ತಕ್ಷಣ ನೆಂಟಸ್ತಿಕೆ, ಊರು, ತೋಟ ಎಲ್ಲ ಗೊತ್ತಾಗುತ್ತದೆ. ಪ್ರೀತಿಯಿಂದ ಕೇಳಿದರೆ ಅದು ಕಾಫಿಗೆ ಕೂರಿಸುವ ಪ್ರಶ್ನೆ. ಆದ್ರೆ ಜಮೀನಿನ ತಕರಾರು ನಡೆಯುತ್ತಿರುವಾಗ ಅದೇ ಪ್ರಶ್ನೆ ಕೇಳಿದರೆ ಕೇಳಿಸಿಕೊಂಡವನ ಮುಖ ಬೇರೆ ಆಗುತ್ತೆ, ಅಲ್ವಾ?

ನೈಜೀರಿಯಾದಲ್ಲಿ ಈ ಪ್ರಶ್ನೆ ಕಾಗದಕ್ಕೇ ಇಳಿದಿದೆ. ಅಲ್ಲಿ ಅರ್ಜಿ ತುಂಬುವಾಗ ‘ಮೂಲ ರಾಜ್ಯ ಯಾವುದು’ ಎಂದು ಬರೆಯಬೇಕು. ನೀವು ಎಲ್ಲಿ ಹುಟ್ಟಿದಿರಿ, ಎಲ್ಲಿ ತೆರಿಗೆ ಕಟ್ಟುತ್ತೀರಿ ಅನ್ನುವುದಕ್ಕೆ ಅಲ್ಲಿ ಬೆಲೆ ಕಡಿಮೆ. ನಿಮ್ಮ ತಂದೆಯ ಕಡೆಯವರು ಯಾವ ಊರಿನವರು ಅನ್ನುವುದೇ ಮುಖ್ಯ. ‘ಇವನು ಇಲ್ಲಿನ ಮೂಲದವನು’ ಅಂತ ಸ್ಥಳೀಯ ಆಡಳಿತ ಪತ್ರ ಕೊಡಬೇಕು, ಸರ್ಕಾರಿ ಕೆಲಸಕ್ಕೂ ಕಾಲೇಜು ಸೀಟಿಗೂ ಅದನ್ನು ಕೇಳುತ್ತಾರೆ. ಮೂರು ತಲೆಮಾರಿನಿಂದ ಜೋಸ್ ಪಟ್ಟಣದಲ್ಲೇ ಇರುವ ಮನೆಯ ಹುಡುಗನಿಗೂ ಅಲ್ಲಿ ಆ ಪತ್ರ ಸಿಗದೇ ಹೋಗಬಹುದು. ಇದನ್ನು ಕೆಟ್ಟ ಉದ್ದೇಶದಿಂದ ತಂದದ್ದಲ್ಲ. 250ಕ್ಕೂ ಹೆಚ್ಚು ಜನಾಂಗ, 500ರಷ್ಟು ಭಾಷೆ ಇರುವ ದೇಶ ಅದು. ಬ್ರಿಟಿಷರು 1914ರಲ್ಲಿ ಉತ್ತರ ಮತ್ತು ದಕ್ಷಿಣವನ್ನು ತಮ್ಮ ಅನುಕೂಲಕ್ಕೆ ಸೇರಿಸಿ ಒಂದು ದೇಶ ಮಾಡಿದರು. 1960ರಲ್ಲಿ ಬಿಟ್ಟು ಹೋದರು. ಉತ್ತರದ ಹೌಸಾ-ಫುಲಾನಿ, ನೈಋತ್ಯದ ಯೊರುಬಾ, ಆಗ್ನೇಯದ ಇಗ್ಬೊ, ಈ ಮೂರು ದೊಡ್ಡ ಗುಂಪಿನಲ್ಲಿ ಒಂದೇ ಗುಂಪು ಎಲ್ಲವನ್ನೂ ನುಂಗಬಾರದು ಅಂತ ಹುದ್ದೆ ಹಂಚುವ ನಿಯಮವನ್ನು ಮುಂದೆ ಅಲ್ಲಿನವರೇ ಸಂವಿಧಾನದಲ್ಲಿ ಇಟ್ಟರು. ಅಧ್ಯಕ್ಷನಾಗಬೇಕಾದರೆ ಜಾಸ್ತಿ ಮತ ಬಂದರಷ್ಟೇ ಸಾಲದು, 36 ರಾಜ್ಯಗಳಲ್ಲಿ ಮೂರನೇ ಎರಡು ಭಾಗದಲ್ಲಾದರೂ ಕಾಲು ಪಾಲು ಮತ ಸಿಗಬೇಕು. ಒಳ್ಳೆಯ ಯೋಚನೆಯೇ. ಆದ್ರೆ ಹಂಚಿ ತಿನ್ನುವ ನಿಯಮ ಬಂದ ಮೇಲೆ ಪ್ರತಿಯೊಬ್ಬನ ಕಣ್ಣೂ ಪಕ್ಕದವನ ತಟ್ಟೆಯ ಮೇಲೆ ಬಿತ್ತು.

ನಿಮ್ಮ ಸ್ನೇಹಿತರು ಓದುವ ಜಗಳದಲ್ಲಿ ಅರ್ಧ ಇದೇ. ಜನಗಣತಿಯನ್ನೂ ನೆಮ್ಮದಿಯಾಗಿ ಮಾಡೋಕೆ ಅಲ್ಲಿ ಆಗುವುದಿಲ್ಲ, ಯಾಕಂದ್ರೆ ತಲೆ ಎಷ್ಟೋ ಅಷ್ಟು ಹಣ, ಅಷ್ಟು ಸೀಟು. 1962ರ ಗಣತಿ ಗಲಾಟೆಯಾಗಿ ಮುರಿದುಬಿತ್ತು, ಮರುವರ್ಷ ಮಾಡಿದ್ದಕ್ಕೂ ತಕರಾರು ಬಂತು. ಕೊನೆಯ ಗಣತಿ ಆಗಿದ್ದು 2006ರಲ್ಲಿ.

ಇನ್ನರ್ಧ ಚುನಾವಣೆ. 2023ರ ಫೆಬ್ರವರಿಯ ಅಧ್ಯಕ್ಷ ಚುನಾವಣೆಯಲ್ಲಿ ಯೊರುಬಾಗಳ ಬೋಲಾ ಟಿನುಬು, ಫುಲಾನಿ ಅಟಿಕು ಅಬೂಬಕರ್, ಇಗ್ಬೊ ಪೀಟರ್ ಓಬಿ, ಮೂವರೂ ಎದುರುಬದುರು ನಿಂತರು. ಟಿನುಬು ಗೆದ್ದರು. ಆದ್ರೆ ಅವರ ಸ್ವಂತ ಕೋಟೆಯಾದ ಲಾಗೋಸ್ ರಾಜ್ಯದಲ್ಲಿ ಓಬಿಗೆ 5,82,454 ಮತ, ಟಿನುಬುಗೆ 5,72,606. ಹತ್ತು ಸಾವಿರವೂ ಇಲ್ಲದ ಅಂತರ. ಓಬಿಗೆ ಮತ ಹಾಕಿದವರಲ್ಲಿ ಎಲ್ಲ ಜನಾಂಗದ ಯುವಕರೂ ಇದ್ದರು. ಆದರೂ ‘ಇಗ್ಬೊಗಳು ನಮ್ಮ ಊರನ್ನೇ ಕಿತ್ತುಕೊಂಡರು’ ಅನ್ನುವ ಮಾತು ಎದ್ದಿತು. ಆ ಕಡೆಯಿಂದ ‘ಲಾಗೋಸ್ ಯಾರಪ್ಪನದೂ ಅಲ್ಲ’ ಎಂಬ ಹಳೆಯ ಮಾತು ಬಂತು. ಯೊರುಬಾಗಳಿಗೆ ಅದು ಎದೆಗೆ ನಾಟುವ ಮಾತು, ಯಾಕಂದ್ರೆ ಅದು ಅವರ ಹಿರಿಯರ ನೆಲ.

ಮೂರು ವಾರ ಬಿಟ್ಟು, ಮಾರ್ಚ್ 18ಕ್ಕೆ, ಅದೇ ಲಾಗೋಸ್‌ನಲ್ಲಿ ಗವರ್ನರ್ ಚುನಾವಣೆ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು. ಓಬಿಯ ಪಕ್ಷದಿಂದ ನಿಂತವರು ಗ್ಬಾಡೆಬೊ ರೋಡ್ಸ್-ವಿವೋರ್. ಲಾಗೋಸ್‌ನ ಹಳೆಯ ಯೊರುಬಾ ಮನೆತನ. ಆದ್ರೆ ತಾಯಿ ಇಗ್ಬೊ, ಪೂರ್ತಿ ಹೆಸರಿನ ಮಧ್ಯೆ ‘ಚಿನೆಡು’ ಅಂತ ಒಂದು ಇಗ್ಬೊ ಹೆಸರು. ಆ ಒಂದು ಹೆಸರನ್ನು ಹಿಡಿದು ಜನ ಅವರನ್ನು ಹೊರಗಿನವನು ಅಂದರು. ನೀರು, ರಸ್ತೆ, ಬಾಡಿಗೆ, ಕೆಲಸ ಯಾವುದೂ ಚರ್ಚೆಗೆ ಬರಲಿಲ್ಲ. ‘ಚಿನೆಡು’ ಒಂದೇ ಬಂತು. ಮತದಾನದ ದಿನ ಇಗ್ಬೊಗಳಂತೆ ಕಂಡವರನ್ನು ಮತಗಟ್ಟೆಯಿಂದ ಬೆದರಿಸಿ ಓಡಿಸಿದ ವರದಿಗಳು ಬಂದವು, ಮುಖ ನೋಡಿ ತಪ್ಪು ಲೆಕ್ಕ ಹಾಕಿ ಯೊರುಬಾಗಳನ್ನೇ ತಡೆದದ್ದೂ ಇತ್ತು.

ಹಾಗಾಗಿ ದ್ವೇಷ ಎಲ್ಲಿಂದ ಬಂತು ಎಂದು ಕೇಳಿದರೆ, ರಕ್ತದಿಂದ ಬಂದದ್ದಲ್ಲ ತಮ್ಮಾ ಅಂತ ಧೈರ್ಯವಾಗಿ ಹೇಳ್ತೀನಿ. ನಿನ್ನ ರೂಮಿನ ಆ ಇಬ್ಬರೇ ಅದಕ್ಕೆ ಸಾಕ್ಷಿ. ಬೆಂಗಳೂರಿನಲ್ಲಿ ಅವರಿಗೆ ಹಂಚಿಕೊಳ್ಳಬೇಕಾದ ಸೀಟೂ ಇಲ್ಲ, ಗವರ್ನರ್ ಕುರ್ಚಿಯೂ ಇಲ್ಲ. ಒಂದು ಪಾತ್ರೆ ಅನ್ನ ಇದೆ, ಅದನ್ನು ಅವರು ಚೆನ್ನಾಗಿಯೇ ಹಂಚಿಕೊಳ್ಳುತ್ತಿದ್ದಾರೆ. ಮಾತು ಬಿಟ್ಟ ದಿನ ನೀನೇ ಮಧ್ಯೆ ಕೂತು ಊಟಕ್ಕೆ ಕರಿ.

ನೈಜೀರಿಯಾದ ಬಯಾಫ್ರಾ ಯುದ್ಧ ಮುಗಿದು 50 ವರ್ಷ ದಾಟಿತು. ಈಗಿನ ಹುಡುಗರು ಆಗ ಹುಟ್ಟಿಯೂ ಇರಲಿಲ್ಲ. ಆದರೂ ಯಾಕೆ ಅದನ್ನೇ ಎತ್ತಿ ಆಡ್ತಾರೆ?
*— ನಿವೃತ್ತ ಸೈನಿಕರು, ಕುಶಾಲನಗರ*

ನೀವು ಸೈನ್ಯದಲ್ಲಿದ್ದವರು, ಯುದ್ಧ ಮುಗಿಯುವುದು ಗುಂಡು ನಿಂತ ದಿನ ಅಲ್ಲ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

1966ರ ಜನವರಿ 15ರಂದು ಕೆಲವು ಮೇಜರ್‌ಗಳು ದಂಗೆ ಎದ್ದು ಪ್ರಧಾನಿ ತಫಾವಾ ಬಲೇವಾ, ಉತ್ತರದ ನಾಯಕ ಅಹ್ಮದು ಬೆಲ್ಲೊ ಮುಂತಾದವರನ್ನು ಕೊಂದರು. ದಂಗೆಕೋರರಲ್ಲಿ ಹೆಚ್ಚಿನವರು ಇಗ್ಬೊಗಳು. ಹಾಗಾಗಿ ‘ಇಗ್ಬೊ ದಂಗೆ’ ಎಂಬ ಹೆಸರು ಅಂಟಿಕೊಂಡಿತು. ಆದ್ರೆ ಆ ಗುಂಪಿನಲ್ಲಿ ಯೊರುಬಾ ಅಧಿಕಾರಿಯೂ ಇದ್ದ, ಅವರ ಗುಂಡಿಗೆ ಸತ್ತವರಲ್ಲಿ ಒಬ್ಬ ಇಗ್ಬೊ ಅಧಿಕಾರಿಯೂ ಇದ್ದ, ದಂಗೆಯನ್ನು ಅಡಗಿಸಿ ತಾನೇ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಐರನ್ಸಿ ಕೂಡ ಇಗ್ಬೊ. ಈಗ ಫೋನಿನಲ್ಲಿ ಜಗಳ ಆಡುವವರು ಈ ಮೂರರಲ್ಲಿ ತಮಗೆ ಬೇಕಾದ ಒಂದನ್ನು ಮಾತ್ರ ಹೇಳುತ್ತಾರೆ. ಜುಲೈನಲ್ಲಿ ಉತ್ತರದ ಅಧಿಕಾರಿಗಳ ಎದುರು ದಂಗೆ ಆಯಿತು, ಐರನ್ಸಿ ಸತ್ತರು. ಉತ್ತರದ ಪಟ್ಟಣಗಳಲ್ಲಿ ಸಾವಿರಾರು ಇಗ್ಬೊಗಳ ಕೊಲೆ ಆಯಿತು, ಉಳಿದವರು ರೈಲು ಹತ್ತಿ ಪೂರ್ವಕ್ಕೆ ಓಡಿದರು. 1967ರ ಮೇ 30ಕ್ಕೆ ಪೂರ್ವ ಭಾಗದ ಸೇನಾ ಗವರ್ನರ್ ಓಜುಕ್ವು ‘ಬಯಾಫ್ರಾ’ ಪ್ರತ್ಯೇಕ ದೇಶ ಎಂದು ಸಾರಿದರು. ಎರಡೂವರೆ ವರ್ಷ ಯುದ್ಧ. ಸರ್ಕಾರ ಸುತ್ತಲಿನ ದಾರಿ ಮುಚ್ಚಿತು, ಅನ್ನ ಒಳಗೆ ಹೋಗಲಿಲ್ಲ. ಸತ್ತವರು ಹತ್ತು ಲಕ್ಷಕ್ಕೂ ಮೀರಿ ಎಂದು ಹೆಚ್ಚಿನ ಅಂದಾಜುಗಳು ಹೇಳುತ್ತವೆ, ಅದರಲ್ಲಿ ಬಹಳ ಮಂದಿ ಹಸಿವಿನಿಂದ ಸತ್ತ ಮಕ್ಕಳು.

1970ರ ಜನವರಿ 15ಕ್ಕೆ ಯುದ್ಧ ನಿಂತಿತು. ಆಗ ದೇಶ ಆಳುತ್ತಿದ್ದ ಜನರಲ್ ಗೊವೊನ್ ‘ಗೆದ್ದವರೂ ಇಲ್ಲ, ಸೋತವರೂ ಇಲ್ಲ’ ಅಂದರು. ದೊಡ್ಡ ಮಾತು. ಆದ್ರೆ ಅದೇ ಹೊತ್ತಿಗೆ ಇನ್ನೊಂದು ನಿರ್ಧಾರವೂ ಬಂತು. ಬಯಾಫ್ರಾ ಕಡೆಯವರು ಯುದ್ಧಕ್ಕೆ ಮುಂಚೆ ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿರಲಿ, ಯುದ್ಧದ ಮಧ್ಯೆ ಆ ಖಾತೆಯಲ್ಲಿ ವ್ಯವಹಾರ ನಡೆಸಿದ್ದರೆ ಕೈಗೆ ಸಿಗುವುದು 20 ಪೌಂಡ್ ಮಾತ್ರ.

ಒಂದು ಕ್ಷಣ ಯೋಚನೆ ಮಾಡಿ. ನಿಮ್ಮ ತಾತ ಮೂವತ್ತು ವರ್ಷ ಕಾಫಿ, ಮೆಣಸು ಮಾರಿ ಬ್ಯಾಂಕಿನಲ್ಲಿ ಇಟ್ಟ ಹಣ. ಯುದ್ಧದಲ್ಲಿ ಮನೆ ಹೋಗಿದೆ, ಮಗ ಹೋಗಿದ್ದಾನೆ. ಪಾಸ್‌ಬುಕ್ ಹಿಡಿದು ಕೌಂಟರಿನ ಮುಂದೆ ನಿಂತಿದ್ದಾರೆ. ಆ ಕಡೆಯವನು 20 ಪೌಂಡ್ ಎಣಿಸಿ ಕೊಟ್ಟು ‘ಮುಂದಿನವರು’ ಅಂತಾನೆ. ಆ ಕತೆ ಆ ಮನೆಯಲ್ಲಿ ಎಷ್ಟು ತಲೆಮಾರು ನಡೆಯುತ್ತೆ? ನನ್ನ ಪ್ರಕಾರ ಗುಂಡಿಗಿಂತ ಆಳವಾಗಿ ಹೋದದ್ದು ಈ 20 ಪೌಂಡ್. ಆಗ ಹಣಕಾಸು ನೋಡಿಕೊಳ್ಳುತ್ತಿದ್ದವರು ಯೊರುಬಾ ನಾಯಕ ಅವೊಲೊವೊ. ಹಾಗಾಗಿ ಇಗ್ಬೊ ಮೊಮ್ಮಗ ಇವತ್ತಿಗೂ ಯೊರುಬಾ ಮೊಮ್ಮಗನನ್ನು ಅದರ ಲೆಕ್ಕ ಕೇಳುತ್ತಾನೆ.

ಇನ್ನೊಂದು ತಪ್ಪೂ ಆಯಿತು. ಅಲ್ಲಿನ ಶಾಲೆಗಳಲ್ಲಿ ಇತಿಹಾಸವನ್ನು ಪ್ರತ್ಯೇಕ ವಿಷಯವಾಗಿ ಕಲಿಸುವುದನ್ನೇ ಕೆಲವು ವರ್ಷ ಕೈಬಿಟ್ಟಿದ್ದರು. ಮೇಷ್ಟ್ರು ಹೇಳದ ಕತೆಯನ್ನು ಮಕ್ಕಳು ಅಜ್ಜಿಯಿಂದ ಅರ್ಧ ಕೇಳಿದರು, ಮಿಕ್ಕ ಅರ್ಧ ಫೋನಿನಿಂದ.

ಇಂಥ ಜಗಳಕ್ಕೆಲ್ಲ ಆ ಆ್ಯಪ್‌ಗಳನ್ನೇ ಮುಚ್ಚಿಸಿಬಿಟ್ಟರೆ ಸರಿ ಹೋಗಲ್ವಾ?
*— ಶಿಕ್ಷಕಿ, ಸೋಮವಾರಪೇಟೆ*

ಇಲ್ಲ ಟೀಚರ್. ಅದನ್ನು ಮಾಡಿ ನೋಡಿದ್ದಾರೆ. 2021ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಬುಹಾರಿ, ಆಗ್ನೇಯದ ಗಲಾಟೆಯ ಬಗ್ಗೆ ಟ್ವಿಟರ್‌ನಲ್ಲಿ ಬರೆಯುತ್ತಾ ಬಯಾಫ್ರಾ ಯುದ್ಧವನ್ನು ನೆನಪಿಸಿ, ‘ಅವರಿಗೆ ಅರ್ಥವಾಗುವ ಭಾಷೆಯಲ್ಲೇ ನೋಡಿಕೊಳ್ಳುತ್ತೇವೆ’ ಎಂಬ ಅರ್ಥದ ಮಾತು ಹಾಕಿದರು. ಟ್ವಿಟರ್ ಅದನ್ನು ತೆಗೆದುಹಾಕಿತು. ಎರಡು ದಿನದಲ್ಲಿ ಸರ್ಕಾರ ಟ್ವಿಟರನ್ನೇ ನಿಲ್ಲಿಸಿತು. 2022ರ ಜನವರಿಯವರೆಗೆ, ಏಳು ತಿಂಗಳು. ಜನ ತಡೆ ದಾಟಿಸುವ ವಿಪಿಎನ್ ಎಂಬ ಆ್ಯಪ್ ಹಾಕಿಕೊಂಡು ಒಳಗೆ ಹೋದರು, ಜಗಳ ಏನೂ ನಿಲ್ಲಲಿಲ್ಲ. ಅಂಥ ಮಾತು ಹಾಕಿದವರು ದೇಶದ ಅಧ್ಯಕ್ಷರೇ ಆಗಿರುವಾಗ ಆ್ಯಪ್ ಮುಚ್ಚಿ ಏನು ಪ್ರಯೋಜನ?

ಇನ್ನೊಂದು ವಿಷಯ ನಿಮ್ಮ ಮಕ್ಕಳಿಗೆ ಹೇಳಿ. ಅಲ್ಲಿನ ಪಕ್ಷಗಳು ಹೆಸರುವಾಸಿ ಖಾತೆಗಳಿಗೆ ಗುಟ್ಟಾಗಿ ಹಣ, ಉಡುಗೊರೆ ಕೊಟ್ಟು ಎದುರಾಳಿಗಳ ಮೇಲೆ ಸುಳ್ಳು ಹರಡಿಸುತ್ತಿದ್ದವು ಎಂದು ಬಿಬಿಸಿ 2023ರ ಜನವರಿಯಲ್ಲಿ ವರದಿ ಮಾಡಿತ್ತು. ನಾವು ಓದುವ ಬೈಗುಳದಲ್ಲಿ ಎಷ್ಟು ಸಿಟ್ಟು, ಎಷ್ಟು ಸಂಬಳ ಅನ್ನುವುದು ಓದುವವನಿಗೆ ಕಾಣುವುದಿಲ್ಲ.

ಹಾಗಾದ್ರೆ ಅವರು ಒಂದಾದದ್ದೇ ಇಲ್ವಾ?
*— ಓದುಗರು, ನಾಪೋಕ್ಲು*

ಇದೆ. 2020ರ ಅಕ್ಟೋಬರ್‌ನಲ್ಲಿ, ‘ಸಾರ್ಸ್’ ಎಂಬ ಪೊಲೀಸ್ ದಳದ ದೌರ್ಜನ್ಯದ ವಿರುದ್ಧ ಹುಡುಗ ಹುಡುಗಿಯರು ಬೀದಿಗೆ ಇಳಿದರು. ಆ ದಳದವರು ಒಳ್ಳೆ ಫೋನು, ಒಳ್ಳೆ ಬಟ್ಟೆ ಕಂಡರೆ ಹಿಡಿದು ಸುಲಿಗೆ ಮಾಡುತ್ತಿದ್ದರು, ಇಗ್ಬೊ ಯೊರುಬಾ ಅಂತ ನೋಡುತ್ತಿರಲಿಲ್ಲ. ಹಾಗಾಗಿ ಬೀದಿಯಲ್ಲೂ ಯಾರೂ ನೋಡಲಿಲ್ಲ. ಇದೇ ಫೋನಿನಲ್ಲೇ ಊಟ, ವಕೀಲರು, ಆಂಬುಲೆನ್ಸ್ ಎಲ್ಲ ಹೊಂದಿಸಿದರು. ಅಕ್ಟೋಬರ್ 20ರ ರಾತ್ರಿ ಲಾಗೋಸ್‌ನ ಲೆಕ್ಕಿ ಟೋಲ್‌ಗೇಟ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು. ಆ ಬಳಿಕ ಲೂಟಿ, ಬೆಂಕಿ, ಮತ್ತೆ ‘ಇದನ್ನು ಮಾಡಿಸಿದ್ದು ಇಂಥವರು’ ಎಂಬ ಮಾತು ಶುರುವಾಯಿತು.

ನನಗೆ ಇದನ್ನು ಓದುವಾಗ 2018ರ ಆಗಸ್ಟ್ ನೆನಪಾಗುತ್ತದೆ. ಗುಡ್ಡ ಜರಿದ ವಾರ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾನು ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಒದ್ದೆ ಚಾಪೆ, ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು, ಮೂಲೆಯಲ್ಲಿ ಒಂದೇ ಚಾರ್ಜರ್‌ಗೆ ಹತ್ತು ಫೋನು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಒಟ್ಟಿಗೆ ಕೇಳಿಸುತ್ತಿತ್ತು. ಪ್ರತಿಯೊಬ್ಬರನ್ನೂ ‘ಯಾವ ಮನೆಯವರು?’ ಅಂತ ನಾನು ಕೇಳಿದೆ. ಆ ದಿನ ಆ ಪ್ರಶ್ನೆ ಕೇಳಿದ್ದು ಆ ಮನೆಯವರು ಇನ್ನೂ ಯಾರು ಬರಬೇಕು, ಯಾರು ಸಿಕ್ಕಿಲ್ಲ ಅಂತ ತಿಳಿಯೋಕೆ. ಒಬ್ಬ ಅಜ್ಜಿ ತನ್ನ ಮನೆ ಹೆಸರು ಹೇಳಿ, ಪಕ್ಕದ ಲೈನ್ ಮನೆಯ ಎರಡು ಮಕ್ಕಳನ್ನೂ ‘ನಮ್ಮ ಮನೆಯವರೇ ಅಂತ ಬರೀರಿ’ ಅಂದರು. ಬರೆದೆ. ಕೆಲವೇ ತಿಂಗಳಲ್ಲಿ, ಮನೆ ಯಾರಿಗೆ ಸಿಕ್ಕಿತು ಯಾರಿಗೆ ಇಲ್ಲ ಅನ್ನುವ ಮಾತು ಬಂದಾಗ, ಅದೇ ಮನೆ ಹೆಸರುಗಳನ್ನು ಹಿಡಿದು ವಾಟ್ಸಾಪ್‌ನಲ್ಲಿ ಜನ ಲೆಕ್ಕ ಹಾಕಿದ್ದನ್ನೂ ನೋಡಿದೆ. ನನಗೆ ತುಂಬಾ ಬೇಜಾರಾಯಿತು.

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಭಾವ ದಿನಾ ‘ಹೊರಗಿನವರಿಂದ ಕೊಡಗು ಹಾಳಾಯ್ತು’ ಅಂತ ಆಡಿಯೊ ಕಳಿಸ್ತಾರೆ. ಹೋದ ವಾರ ನಮ್ಮ ತೋಟದಲ್ಲೇ ಕೆಲಸ ಮಾಡುವ ಅಸ್ಸಾಮಿನವರ ಬಗ್ಗೆ ಕೆಟ್ಟದಾಗಿ ಬಂತು. ಹಿರಿಯರು, ಎದುರು ಮಾತಾಡೋಕೆ ಆಗಲ್ಲ. ಸುಮ್ನೆ ಇರೋಕೂ ಆಗಲ್ಲ. ಏನು ಮಾಡ್ಲಿ?
*— ಗೃಹಿಣಿ, ಪೊನ್ನಂಪೇಟೆ*

ಅಕ್ಕಾ, ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ಅಲ್ಲಿ ನಲವತ್ತು ಜನ ನೋಡ್ತಾ ಇರ್ತಾರೆ, ಭಾವನಿಗೆ ಸೋಲೋಕೆ ಆಗಲ್ಲ, ಇನ್ನೂ ನಾಲ್ಕು ಆಡಿಯೊ ಬರುತ್ತೆ.

ಅವರ ಮಾತಿನ ಹಿಂದೆ ಒಂದು ನಿಜವಾದ ಭಯ ಇದೆ, ಅದನ್ನು ತಳ್ಳಿಹಾಕಬೇಡಿ. 1956ರವರೆಗೆ ಕೊಡಗು ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ ರಾಜ್ಯ. ಈಗ ಐದೂವರೆ ಲಕ್ಷ ಜನರ ಚಿಕ್ಕ ಜಿಲ್ಲೆ. ನಮ್ಮ ಭಾಷೆ, ನೆಲ, ಐನ್‌ಮನೆ ಉಳಿಯುತ್ತಾ ಎಂದು ಕೇಳುವ ಹಕ್ಕು ಅವರಿಗಿದೆ. ಲಾಗೋಸ್‌ನ ಯೊರುಬಾ ಹಿರಿಯನಿಗೂ ಅಂಥದೇ ಭಯ. ಆದ್ರೆ ತೋಟ ಮಾರಿ ರೆಸಾರ್ಟ್ ಆಗಿದ್ದಕ್ಕೂ, ಮೆಣಸು ಬಿಡಿಸೋಕೆ ಏಣಿ ಹತ್ತುವ ಅಸ್ಸಾಮಿನ ಹುಡುಗನಿಗೂ ಏನು ಸಂಬಂಧ? ಆ ಹುಡುಗ ಬರದಿದ್ದರೆ ಈ ಸಲ ನಿಮ್ಮ ಕೊಯ್ಲು ಯಾರು ಮಾಡ್ತಿದ್ದರು?

ಇದನ್ನೇ ಅವರ ಹತ್ತಿರ ಕೇಳಿ, ಆದ್ರೆ ಫೋನಿನಲ್ಲಿ ಬೇಡ. ಒಂದು ಭಾನುವಾರ ಭಾವನನ್ನು ಊಟಕ್ಕೆ ಕರೆಯಿರಿ. ಊಟ ಆದ ಮೇಲೆ ಕಣದ ಕಡೆ ಕರೆದುಕೊಂಡು ಹೋಗಿ, ಕಾಫಿ ಹರಡುತ್ತಿರುವ ಆ ಹುಡುಗರನ್ನು ಹೆಸರು ಹಿಡಿದು ಪರಿಚಯ ಮಾಡಿಸಿ. ಭಾವ ಹಳೆಯ ಕಾಲದವರು, ‘ಯಾವ ಊರು, ಮನೆಯಲ್ಲಿ ಯಾರ‍್ಯಾರು ಇದ್ದಾರೆ’ ಅಂತ ಖಂಡಿತ ಕೇಳ್ತಾರೆ. ಕೇಳಲಿ. ಹಿಂದಿ ಬರದಿದ್ದರೆ ನೀವು ಹೇಳಿಕೊಡಿ. ಏನಾಯ್ತು ಅಂತ ನನಗೆ ಬರೆಯಿರಿ.