ನೇತಾಜಿ ಹೋದ ಯು-180 ಮಾಡಲು ಕಿಟ್ಟನ್ನು ಎಲ್ಲಿ ಕತ್ತರಿಸಬೇಕು?

ಎರಡನೇ ಮಹಾಯುದ್ಧದ ಜರ್ಮನ್ ಯು-ಬೋಟ್ (ಜಲಾಂತರ್ಗಾಮಿ) ಮಾಡೆಲ್‌ಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಕೇಳುವವರಿಗೆ ಅಷ್ಟರಲ್ಲೇ ಯಾರೋ ತಪ್ಪು ದಾರಿ ತೋರಿಸಿ ಆಗಿರುತ್ತದೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ, ಉಳಿದವಕ್ಕೆ ಚಿಕ್ಕ ಉತ್ತರ. ಭಾಗಗಳನ್ನು ಬಿಡಿಸುವುದು, ಅಂಟಿಸುವುದು, ಉಜ್ಜುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಅದು ಇನ್ನೂ ಕೈಗೆ ಹತ್ತದವರು ದಯವಿಟ್ಟು ಗರಗಸ ಮುಟ್ಟಬೇಡಿ.

ಪ್ರಶ್ನೆ: ನನ್ನ ಹತ್ತಿರ ರೆವೆಲ್ ಕಂಪನಿಯ 1/72 ಅಳತೆಯ ಟೈಪ್ 9ಸಿ ಕಿಟ್ ಇದೆ. ನೇತಾಜಿಯವರು ಪ್ರಯಾಣ ಮಾಡಿದ ಯು-180 ಕೂಡ ಟೈಪ್ 9 ಅಂತೆ. ಒಡಲನ್ನು ಮಧ್ಯೆ ಕತ್ತರಿಸಿ 15 ಸೆಂ.ಮೀ. ತುಂಡು ಸೇರಿಸಿದರೆ ಸಾಕು ಅಂತ ಗೆಳೆಯರು ಹೇಳ್ತಾರೆ. ಸರಿಯಾ?

ಸರಿಯಲ್ಲ. 15 ಸೆಂ.ಮೀ. ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಗೊತ್ತು. ಟೈಪ್ 9ಸಿ ಉದ್ದ 76.76 ಮೀಟರ್. ಯು-180 ಸೇರಿದ್ದು ಟೈಪ್ 9ಡಿ1 ಎಂಬ ಗುಂಪಿಗೆ. ಅದರ ಉದ್ದ 87.58 ಮೀಟರ್. ವ್ಯತ್ಯಾಸ 10.82 ಮೀಟರ್. 72ರಿಂದ ಭಾಗಿಸಿದರೆ 15 ಸೆಂ.ಮೀ. ಬರುತ್ತದೆ. ಇಷ್ಟು ನೋಡಿ ಲೆಕ್ಕ ನಿಲ್ಲಿಸಿಬಿಡುತ್ತಾರೆ. ಅಗಲ ಯಾರೂ ನೋಡುವುದಿಲ್ಲ.

9ಸಿ ಅಗಲ 6.76 ಮೀಟರ್. 9ಡಿ1 ಅಗಲ 7.50 ಮೀಟರ್. ಒಳಗೆ ಜನ ಇರುವ ಪ್ರೆಷರ್ ಹಲ್‌ನ ವ್ಯಾಸ ಎರಡರಲ್ಲೂ 4.40 ಮೀಟರೇ. ಅದರ ಸುತ್ತ ಎಣ್ಣೆ ಮತ್ತು ನೀರಿನ ಟ್ಯಾಂಕುಗಳನ್ನು ಸುತ್ತಿಕೊಂಡ ಹೊರ ಒಡಲು ಮಾತ್ರ ದಪ್ಪ ಆಗಿದೆ, ಆಳವೂ ಆಗಿದೆ. ದೂರದ ಸಾಗರಕ್ಕೆ ಹೋಗಲು ಎಣ್ಣೆ ಜಾಸ್ತಿ ಬೇಕಿತ್ತು, ಅದಕ್ಕೆ. ಈಗ ನಿಮ್ಮ ಕಿಟ್ಟಿಗೆ ಬನ್ನಿ. ಅದರ ಮಧ್ಯಭಾಗ 94 ಮಿ.ಮೀ. ಅಗಲ. ಸೇರಿಸಬೇಕಾದ ತುಂಡು 104 ಮಿ.ಮೀ. ಅಗಲ ಇರಬೇಕು. ಕತ್ತರಿಸಿದ ಜಾಗದಲ್ಲಿ ಅದನ್ನು ಇಟ್ಟು ನೋಡಿ. ಎರಡೂ ಪಕ್ಕದಲ್ಲಿ 5 ಮಿ.ಮೀ. ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದನ್ನು ಪುಟ್ಟಿ ತುಂಬಿ ಮುಚ್ಚಲಾಗದು. ಮೆಟ್ಟಿಲೇ ಬೇಡ ಎಂದು ತುಂಡನ್ನೂ 94 ಮಿ.ಮೀ.ಗೆ ಮಾಡಿದರೆ ನಿಮ್ಮ ಕೈಲಿರುವುದು ಎಂದೂ ನೀರಿಗಿಳಿಯದ ಒಂದು ಉದ್ದನೆಯ, ತೆಳ್ಳಗಿನ ಬೋಟು. ಯು-180 ಅಲ್ಲ.

ಎಡ-ಬಲ ಅರ್ಧಗಳ ನಡುವೆ ಉದ್ದಕ್ಕೂ ಪಟ್ಟಿ ಸೇರಿಸಿ ಅಗಲ ಮಾಡುವವರೂ ಇದ್ದಾರೆ. ಅದೂ ತಪ್ಪು. ಮೂತಿಯ ಚೂಪು ಹಾಳಾಗುತ್ತದೆ, ತಳದ ಪಟ್ಟಿ ದಪ್ಪಗಾಗುತ್ತದೆ.

ಇನ್ನೊಂದು ಹೊಸ ಪಿಡುಗು ಶುರುವಾಗಿದೆ. 9ಸಿ ಬೋಟಿನ ತ್ರೀಡಿ ಫೈಲನ್ನು ಕಂಪ್ಯೂಟರಿನಲ್ಲಿ ರಬ್ಬರ್ ಬ್ಯಾಂಡ್ ಎಳೆದ ಹಾಗೆ 14 ಶೇಕಡಾ ಉದ್ದಕ್ಕೆ ಎಳೆದು, ಪ್ರಿಂಟ್ ಮಾಡಿ, ‘ಯು-180 ಒಡಲು’ ಎಂದು ಮಾರುವುದು. ನನ್ನ ಹತ್ತಿರ ಒಬ್ಬ ಓದುಗರು ಅಂಥದ್ದೊಂದನ್ನು ತಂದು ತೋರಿಸಿದರು. ಡೆಕ್ ಮೇಲಿನ ದುಂಡು ಹ್ಯಾಚುಗಳು (ಒಳಗಿಳಿಯುವ ಬಾಗಿಲುಗಳು) ಮೊಟ್ಟೆ ಆಕಾರಕ್ಕೆ ತಿರುಗಿದ್ದವು. ನೀರು ಹೋಗಿಬರುವ ಕಿಂಡಿಗಳೆಲ್ಲ ಉದ್ದುದ್ದ. ಡೆಕ್ ಮೇಲೆ ಎದ್ದು ನಿಲ್ಲುವ ಟವರ್ ಕೂಡ ಎಳೆದುಕೊಂಡಿತ್ತು. ನಿಜವಾದ ಬೋಟು ಉದ್ದ ಆದಾಗ ಅದರ ಹ್ಯಾಚ್ ಉದ್ದ ಆಗಲಿಲ್ಲ. ಇದು ಜನರ ಪ್ರೀತಿಯನ್ನು ದುಡ್ಡಾಗಿಸುವ ಮೋಸ. ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಯಾವುದಾದರೂ ದುಂಡು ಹ್ಯಾಚಿನ ಅಡ್ಡ ಅಳತೆ, ಉದ್ದ ಅಳತೆ ಎರಡನ್ನೂ ಕ್ಯಾಲಿಪರ್‌ನಲ್ಲಿ ಹಿಡಿದು ನೋಡಿ. ಒಂದೇ ಇರದಿದ್ದರೆ ವಾಪಸ್ ಕೊಡಿ.

ಹಾಗಾದರೆ ಏನು ಮಾಡಬೇಕು? ಕಿಟ್ಟಿನಿಂದ ಮೂತಿ, ಹಿಂಬದಿ, ಪ್ರೊಪೆಲರ್, ಸಣ್ಣಪುಟ್ಟ ಸಾಮಾನು ಇಟ್ಟುಕೊಳ್ಳಿ. ಟವರನ್ನು ಫೋಟೋಗೆ ಹೋಲಿಸಿ ತಿದ್ದಿಕೊಳ್ಳಿ. ನಡುವಿನ ಒಡಲನ್ನು ಪೂರ್ತಿ ಹೊಸದಾಗಿ ಕಟ್ಟಿ. ಎಲ್ಲಿಂದ ಎಲ್ಲಿವರೆಗೆ ಎನ್ನುವುದನ್ನು ನಾನಲ್ಲ, ಪ್ಲಾನ್ ಹೇಳಬೇಕು. ಅಡ್ಡ ಸೀಳುಗಳ (ಒಡಲನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರಗಳ) ಚಿತ್ರ ಇರುವ 9ಡಿ ಪ್ಲಾನ್ ಸಂಪಾದಿಸಿ. ಮೂತಿಯಿಂದ ಹಿಂದಕ್ಕೆ ಬರುತ್ತಾ, ಕಿಟ್ಟಿನ ಅಡ್ಡ ಸೀಳು ಪ್ಲಾನಿನ ಸೀಳಿಗೆ ಎಲ್ಲಿವರೆಗೆ ಹೊಂದುತ್ತದೆ ನೋಡಿ. ಅಲ್ಲೇ ಕತ್ತರಿಸಿ. ಹಿಂಬದಿಯಿಂದಲೂ ಹಾಗೇ. ಟವರ್ ಎಲ್ಲಿ ಕೂರಬೇಕು ಎನ್ನುವುದನ್ನೂ ಪ್ಲಾನಿನಿಂದಲೇ ತೆಗೆದುಕೊಳ್ಳಿ, ಕಣ್ಣಂದಾಜು ಬೇಡ.

ಪ್ಲಾನ್ ಪ್ರಿಂಟ್ ಹಾಕಿಸುವಾಗ ಎಚ್ಚರ. ಅಂಗಡಿಯವರು ಕಾಗದಕ್ಕೆ ಹೊಂದುವಂತೆ ಸುಮ್ನೆ ಸ್ವಲ್ಪ ಚಿಕ್ಕದು ಮಾಡಿಬಿಡುತ್ತಾರೆ. ಪ್ರಿಂಟ್ ಹಾಕುವ ಮುಂಚೆ ಫೈಲಿನ ಮೂಲೆಯಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು 100 ಮಿ.ಮೀ. ಗೆರೆ ಎಳೆಸಿ. ಪ್ರಿಂಟ್ ಬಂದ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಅಳೆಯಿರಿ. 98 ಬಂದರೆ ಇಡೀ ಬೋಟಿನಲ್ಲಿ ಎರಡೂವರೆ ಸೆಂ.ಮೀ. ಹೋಯಿತು ಎಂದು ಅರ್ಥ. 1/72ರಲ್ಲಿ ಪೂರ್ತಿ ಉದ್ದ 121.6 ಸೆಂ.ಮೀ. ಬರಲೇಬೇಕು.

ನಡುವಿನ ಭಾಗಕ್ಕೆ 2 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟಿನಿಂದ ಅಡ್ಡತಟ್ಟೆಗಳನ್ನು ಕತ್ತರಿಸಿ, ಸುಮಾರು 3 ಸೆಂ.ಮೀ.ಗೆ ಒಂದರಂತೆ ನಿಲ್ಲಿಸಿ. ಮೇಲಿನ ಚರ್ಮಕ್ಕೆ ದಪ್ಪ ಶೀಟ್ ಬೇಡ, ಬಾಗುವುದಿಲ್ಲ. 0.5 ಮಿ.ಮೀ. ಶೀಟನ್ನು ಪಟ್ಟಿ ಮಾಡಿ ಎರಡು ಪದರ ಹಾಕಿ. ಮೊದಲ ಪದರ ಒಂದು ದಿನ ಒಣಗಲಿ. ಎರಡನೆಯ ಪದರದ ಸಂದುಗಳು ಮೊದಲನೆಯ ಸಂದುಗಳ ಮೇಲೆ ಬರಬಾರದು.

ಇಷ್ಟು ಉದ್ದದ ಒಡಲಿಗೆ ಒಳಗೆ ಬೆನ್ನೆಲುಬು ಬೇಕು. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಚಾನೆಲ್ ಸಾಕು. ಆದರೆ ಅದನ್ನು ಒಂದೇ ಜಾಗದಲ್ಲಿ ಅಂಟಿಸಿ. ಉಳಿದ ಕಡೆ ಅಡ್ಡತಟ್ಟೆಗಳ ತೂತಿನಲ್ಲಿ ಅದು ಜಾರುವಂತಿರಲಿ. ಬಿಸಿಲಿಗೆ ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಜಾಸ್ತಿ ಹಿಗ್ಗುತ್ತದೆ. ಎರಡೂ ತುದಿ ಬಿಗಿದರೆ ಒಂದು ಬೇಸಿಗೆ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಜೋಡಣೆಯ ಗೆರೆ ಪೇಂಟ್ ಸೀಳಿಕೊಂಡು ಹೊರಗೆ ಕಾಣುತ್ತದೆ.

ಪುಟ್ಟಿ ವಿಷಯ. ನಲ್ಲಿ ಸೋರಿಕೆಗೆ ಹಾಕುವ ಎಂ-ಸೀಲ್ ಒಡಲಿನ ಒಳಗೆ ಅಡ್ಡತಟ್ಟೆ ಬಿಗಿಯಲು ಚೆನ್ನಾಗಿದೆ. ಹೊರಗೆ ಬೇಡ. ಒಣಗಿದ ಮೇಲೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ಉಜ್ಜುವಾಗ ಅದು ಹಾಗೇ ಉಳಿದು ಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಗುಂಡಿ ಬೀಳುತ್ತದೆ. ಹೊರಗೆ ಮಾಡೆಲ್ ಪುಟ್ಟಿಯನ್ನೇ ತೆಳ್ಳಗೆ, ಹಲವು ಸಲ ಹಚ್ಚಿ. ಒಮ್ಮೆಗೇ ದಪ್ಪ ಹಚ್ಚಿದರೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ.

ಪ್ರೈಮರ್ ಹೊಡೆದು, ಕೋಣೆ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನು ಒಡಲಿಗೆ ಒರಗಿಸಿ ಹಿಡಿಯಿರಿ. ಬೆಳಕು ಒಡಲಿನ ಉದ್ದಕ್ಕೆ ಹರಿಯಬೇಕು. ಉಬ್ಬು-ತಗ್ಗು ಇದ್ದಲ್ಲೆಲ್ಲ ನೆರಳು ಬೀಳುತ್ತದೆ. ನೆರಳು ಪೂರ್ತಿ ಹೋಗುವವರೆಗೆ ಕಿಂಡಿ ಕೊರೆಯಬೇಡಿ. ಕೊರೆಯುವಾಗ ಪ್ರತಿ ಕಿಂಡಿಯ ಎರಡು ತುದಿಗೆ ಸಣ್ಣ ತೂತು ಹಾಕಿ, ನಡುವಿನದ್ದನ್ನು ಬ್ಲೇಡಿನಿಂದ ಬಿಡಿಸಿ. ಹೊಸ ಡೆಕ್ಕಿನ ಹಲಗೆ ಗೆರೆಗಳನ್ನೂ ಕೈಯಲ್ಲೇ ಕೆತ್ತಬೇಕು. ಕಿಟ್ಟಿನ ಹಲಗೆಗಳ ನಡುವಿನ ಅಂತರಕ್ಕೇ ಹೊಂದಬೇಕು. ತುಂಬಾ ಜನ ಕೈಬಿಡುವುದು ಈ ಹಂತದಲ್ಲೇ. ರೆಸಿನ್ ಅಥವಾ ಪುಟ್ಟಿ ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶದಿಂದ ವಾಪಸ್ ಬರುವುದಿಲ್ಲ. ಇದನ್ನು ಕೇಳದವರಿಗೆ ಮುಂದಿನ ಯಾವ ಪ್ರಶ್ನೆಗೂ ನಾನು ಉತ್ತರ ಕೊಡುವುದಿಲ್ಲ.

ಇನ್ನು ಕಾಲ. ಯಾವ ತಿಂಗಳ ಯು-180 ಮಾಡುತ್ತಿದ್ದೀರಿ? ನೇತಾಜಿ, ಜೊತೆಗೆ ಅವರ ಸಹಾಯಕ ಆಬಿದ್ ಹಸನ್, ಜರ್ಮನಿಯ ಕೀಲ್ ಬಂದರಿನಿಂದ ಹೊರಟಿದ್ದು 1943ರ ಫೆಬ್ರುವರಿ 9. ಮಡಗಾಸ್ಕರ್ ಹತ್ತಿರ ಜಪಾನಿನ ಐ-29 ಜಲಾಂತರ್ಗಾಮಿಗೆ ಹತ್ತಿದ್ದು ಏಪ್ರಿಲ್ ಕೊನೆಯಲ್ಲಿ. ನಿಮಗೆ ಬೇಕಾದದ್ದು ಈ ನಡುವಿನ ಬೋಟು. ಆಗ ಅದು ಯುದ್ಧದ ಬೋಟೇ. ಏಪ್ರಿಲ್ 18ರಂದು, ನೇತಾಜಿ ಒಳಗಿರುವಾಗಲೇ, ಕಾರ್ಬಿಸ್ ಎಂಬ ಬ್ರಿಟಿಷ್ ಎಣ್ಣೆ ಹಡಗನ್ನು ಮುಳುಗಿಸಿತು. ಹಾಗಾಗಿ ಟಾರ್ಪೆಡೋ ಬಾಗಿಲುಗಳು ಇರಲೇಬೇಕು. ಅದರಲ್ಲಿದ್ದದ್ದು ವೇಗದ ಟಾರ್ಪೆಡೋ ದೋಣಿಗಳಿಗೆ ಮಾಡಿದ ಆರು ಮರ್ಸಿಡಿಸ್-ಬೆಂಝ್ ಡೀಸೆಲ್ ಎಂಜಿನ್. ವೇಗ ಸಿಕ್ಕಿತು, ಆದರೆ ಹೊಗೆ ಮತ್ತು ಬಿಸಿ ತಡೆಯಲಾಗಲಿಲ್ಲ. ಆಮೇಲೆ ಎಂಜಿನ್ ಬದಲಿಸಿ, ಟಾರ್ಪೆಡೋ ಕೊಳವೆ ತೆಗೆದು, ಸರಕು ಸಾಗಿಸುವ ಬೋಟಾಗಿ ಮಾಡಿದರು. 1944ರ ಆಗಸ್ಟಿನಲ್ಲಿ ಫ್ರಾನ್ಸ್ ಪಕ್ಕದ ಬಿಸ್ಕೇ ಕೊಲ್ಲಿಯಲ್ಲಿ ಅದು ಕಾಣೆಯಾಯಿತು. ಆ ಕೊನೆಯ ರೂಪದ ಚಿತ್ರ ನೋಡಿಕೊಂಡು ನೇತಾಜಿಯವರ ಬೋಟು ಮಾಡಬೇಡಿ. ನೀರೊಳಗಿದ್ದೇ ಡೀಸೆಲ್‌ಗೆ ಗಾಳಿ ಎಳೆಯುವ ಸ್ನಾರ್ಕೆಲ್ ಕಂಬವೂ ಬೇಡ. ಅದು ಯು-ಬೋಟುಗಳಿಗೆ ಬಂದಿದ್ದು ಆಮೇಲೆ.

ಮೊದಲ ಸಲ ಒಡಲು ಕತ್ತರಿಸುವವರು 1/72ರಲ್ಲಿ ಕೈ ಹಾಕುವುದು ನನಗೆ ಇಷ್ಟವಿಲ್ಲ. 1/144ರಲ್ಲಿ ಮಾಡಿ. ಬೋಟು 61 ಸೆಂ.ಮೀ. ಒಳಗೆ ಮುಗಿಯುತ್ತದೆ, ಮೇಜಿನ ಮೇಲೆ ಕೂರುತ್ತದೆ. ತಪ್ಪಾದರೆ ಕಳೆದುಕೊಳ್ಳುವ ದುಡ್ಡೂ ಕಡಿಮೆ.

ಪ್ರಶ್ನೆ: ನೇತಾಜಿ ಜಪಾನಿ ನಾವಿಕರ ಜೊತೆ ಕೂತಿರುವ ಫೋಟೋ ನೋಡಿ ಯು-180 ಡೆಕ್ ಮಾಡಬಹುದಾ?

ಅದು ಐ-29 ಫೋಟೋ. ಜಪಾನಿನ ಬಿ1 ಜಾತಿಯ ಬೋಟು, 108 ಮೀಟರಿಗೂ ಉದ್ದ. ಅದೇ ಜಾತಿಯ ಐ-19 ಕಿಟ್ಟನ್ನು ಎಎಫ್‌ವಿ ಕ್ಲಬ್ ಕಂಪನಿ 1/350ರಲ್ಲಿ ಮಾಡಿದೆ. ಆ ಫೋಟೋ ನಿಮಗೆ ಅಷ್ಟು ಇಷ್ಟವಾದರೆ ಅದನ್ನೇ ಮಾಡಿ, ಒಳ್ಳೆ ಕೆಲಸ.

ಪ್ರಶ್ನೆ: ಯು-180 ಟವರ್ ಮೇಲೆ ಆಜಾದ್ ಹಿಂದ್ ಹುಲಿ ಬಾವುಟ ಹಾಕಲಾ?

ಬೇಡ. ಅದು ಗುಟ್ಟಿನ ಪ್ರಯಾಣ. ಬ್ರಿಟಿಷರ ಕಣ್ಣು ತಪ್ಪಿಸಿ ಹೋಗುತ್ತಿದ್ದವರು ಬಾವುಟ ಹಾರಿಸಿಕೊಂಡು ಹೋಗುತ್ತಾರಾ?

ಪ್ರಶ್ನೆ: ಟೈಪ್ 7ಸಿ ಬೋಟಿನ ತಳ ಕೆಂಪು ಅಲ್ವಾ?

ಅಲ್ಲ. ಯುದ್ಧಕಾಲದ 7ಸಿಗೆ ಗಾಢ ಬೂದು ಬಣ್ಣ ಹಚ್ಚಿ.

ಪ್ರಶ್ನೆ: ಯು-47ರ ಬುಸುಗುಡುವ ಗೂಳಿ ಚಿತ್ರ ತುಂಬಾ ಚೆನ್ನಾಗಿದೆ. ನನ್ನ 7ಸಿ ಮೇಲೆ ಹಾಕಬಹುದಾ?

ಯು-47 ಟೈಪ್ 7ಬಿ. 7ಸಿಗಿಂತ 60 ಸೆಂ.ಮೀ. ಗಿಡ್ಡ. ಗೂಳಿ ಆಮೇಲೆ 7ನೇ ಫ್ಲೋಟಿಲ್ಲಾದ (ಯು-ಬೋಟುಗಳ ಒಂದು ತಂಡದ) ಗುರುತೂ ಆಯಿತು. ನೀವು ಆರಿಸಿದ 7ಸಿ ಆ ಫ್ಲೋಟಿಲ್ಲಾದಲ್ಲಿ ಇತ್ತು, ಫೋಟೋದಲ್ಲಿ ಗೂಳಿ ಕಾಣುತ್ತದೆ ಎಂದರೆ ಹಾಕಿ. ಇಲ್ಲದಿದ್ದರೆ ಇಲ್ಲ.

ಪ್ರಶ್ನೆ: ಒಡಲಿನ ಒಂದು ಅರ್ಧ ಬಾಗಿದೆ. ಕುದಿಯುವ ನೀರಿನಲ್ಲಿ ಅದ್ದಿದರೆ ನೇರ ಆಗುತ್ತೆ ಅಂತ ವಿಡಿಯೋ ಒಂದರಲ್ಲಿ ನೋಡಿದೆ.

ಅದ್ದಬೇಡಿ. ಕುದಿಯುವ ನೀರಿನ ಬಿಸಿಗೆ ಸ್ಟೈರೀನ್ ಮೆತ್ತಗಾಗುತ್ತದೆ. ಒಂದು ಬಾಗು ಹೋಗಿ ನಾಲ್ಕು ಬಾಗು ಬರುತ್ತವೆ. ಒಳಗೆ ಅಡ್ಡತಟ್ಟೆ ಕೊಟ್ಟು, ಟೇಪ್ ಬಿಗಿದು, ಎರಡು ಬೆರಳಿನಷ್ಟಗಲ ಅಂಟಿಸುತ್ತಾ ಬನ್ನಿ. ಒಂದು ಭಾಗ ಹಿಡಿದ ಮೇಲೆ ಮುಂದಿನದು. ಅದೇ ವಿಡಿಯೋದವರು ನೇಲ್ ಪಾಲಿಶ್ ರಿಮೂವರ್‌ನಿಂದ ಅಂಟಿಸಿ ಎಂದೂ ಹೇಳುತ್ತಾರೆ. ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಿ ಬಿಳಿಚುವಂತೆ ಮಾಡುತ್ತದೆ. ಇಂಥವರ ಮಾತು ಕೇಳಿ ಹಾಳಾದ ಕಿಟ್ಟುಗಳನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ (ಮಂಗಳೂರಿನಿಂದ): ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಇಡೀ ಬೋಟಿನ ಮೇಲೆ ಬಿಳಿ ಮಬ್ಬು ಬಂದಿದೆ.

ಮಳೆಯಲ್ಲಿ ಹೊಡೆದಿದ್ದೀರಿ. ಗಾಳಿಯ ತೇವ ಒಳಗೆ ಸಿಕ್ಕಿಕೊಂಡಿದೆ. ನಾಲ್ಕು ದಿನ ಬಿಸಿಲು ಬಂದ ಮೇಲೆ ತೆಳ್ಳಗೆ ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆಯಿರಿ, ತುಂಬಾ ಸಲ ಮಬ್ಬು ಹೋಗುತ್ತದೆ. ಅದು ಒಣಗಿದ ಮೇಲೆ ಮತ್ತೆ ಮ್ಯಾಟ್.

ಪ್ರಶ್ನೆ: ಇದೇ ಕಿಟ್ಟಿಗೆ ಮೋಟಾರ್, ರಿಮೋಟ್ ಹಾಕಿ ಕೆರೆಯಲ್ಲಿ ಮುಳುಗಿಸಿ ಎತ್ತಬಹುದಾ? ಡ್ರೋನ್ ರಿಮೋಟ್ ನನ್ನ ಹತ್ತಿರ ಇದೆ.

ಆ ರಿಮೋಟ್ 2.4 ಗಿಗಾಹರ್ಟ್ಸ್. ಬೋಟು ಸ್ವಲ್ಪ ಮುಳುಗಿದರೂ ನೀರು ಆ ಅಲೆಯನ್ನು ನುಂಗುತ್ತದೆ, ಹಿಡಿತ ತಪ್ಪುತ್ತದೆ. ಮೊದಲು ಮುಳುಗದೆ ಮೇಲೆ ಓಡುವ ಬೋಟು ಮಾಡಿ. ಮುಳುಗಿಸುವುದಕ್ಕೆ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೋ, ನೀರು ಹೊಗದ ಸಿಲಿಂಡರ್, ಸಿಗ್ನಲ್ ಹೋದ ಕೂಡಲೇ ತಾನೇ ಮೇಲೆ ಬರುವ ವ್ಯವಸ್ಥೆ ಮೂರೂ ಬೇಕು. ಮೂರನೆಯದು ಇಲ್ಲದೆ ಕೆರೆ ಹತ್ತಿರ ಹೋಗಬೇಡಿ. ಮುಳುಗಿದ ಬೋಟು ತರಲು ಮಕ್ಕಳನ್ನು ನೀರಿಗಂತೂ ಇಳಿಸಲೇಬೇಡಿ.