ಅಳಿಸಿದ ಫೋಟೋ, ಸದ್ದು ಮಾಡುವ ಡಿಸ್ಕ್

ಪ್ರಶ್ನೆ: ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿದ್ದ ಪ್ರವಾಸದ ಫೋಟೋಗಳೆಲ್ಲ ಕಂಪ್ಯೂಟರಿಗೆ ಕಾಪಿಯಾಗಿವೆ ಎಂದು ತಿಳಿದು ಕಾರ್ಡಿನಿಂದ ಅಳಿಸಿಬಿಟ್ಟೆ. ಆಮೇಲೆ ನೋಡಿದರೆ ಅರ್ಧದಷ್ಟೂ ಕಾಪಿಯಾಗಿರಲಿಲ್ಲ. ಅವು ಮರಳಿ ಸಿಗುತ್ತವೆಯೇ?

ಉತ್ತರ: ಅಳಿಸಿದ ಮೇಲೆ ಆ ಕಾರ್ಡಿನಲ್ಲಿ ಹೊಸ ಚಿತ್ರ ತೆಗೆದಿಲ್ಲವಾದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ಹೊರತೆಗೆದಿಡಿ. ಫ್ಯಾಟ್ 32 ಎಂಬ ಫೈಲ್ ಜೋಡಣೆಯ ವ್ಯವಸ್ಥೆಯಿರುವ ಕಾರ್ಡಿನಲ್ಲಿ ಫೈಲನ್ನು ಅಳಿಸಿದಾಗ ಚಿತ್ರದ ದತ್ತಾಂಶ ಇದ್ದಲ್ಲಿಯೇ ಇರುತ್ತದೆ. ಡೈರೆಕ್ಟರಿಯಲ್ಲಿ, ಅಂದರೆ ಫೈಲುಗಳ ಪಟ್ಟಿಯಲ್ಲಿ, ಹೆಸರಿನ ಮೊದಲಕ್ಷರದ ಜಾಗಕ್ಕೆ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ, ಅದು ಕುಳಿತಿದ್ದ ಜಾಗ ಖಾಲಿಯೆಂದು ಜಾಗದ ಲೆಕ್ಕವಿಡುವ ಕೋಷ್ಟಕದಲ್ಲಿ ನಮೂದಾಗುತ್ತದೆ, ಅಷ್ಟೆ. ಅಳಿಸಿದ್ದನ್ನು ಹುಡುಕಿಕೊಡುವ ರಿಕವರಿ ತಂತ್ರಾಂಶಗಳ ಪಟ್ಟಿಯಲ್ಲಿ ‘ಡಿಎಸ್‌ಸಿ’ ಎಂದು ಆರಂಭವಾಗಬೇಕಾದ ಹೆಸರು ಮೊದಲಕ್ಷರ ಕಳೆದುಕೊಂಡು ‘ಎಸ್‌ಸಿ’ ಎಂದು ಕಾಣಿಸುವುದುಂಟು. ಅದಕ್ಕೆ ಕಾರಣ ಇದೇ. ಆದರೆ ಖಾಲಿಯೆಂದು ನಮೂದಾದ ಜಾಗದಲ್ಲಿ ಮುಂದಿನ ಚಿತ್ರ ಬಂದು ಕುಳಿತರೆ ಹಳೆಯದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಮೊದಲು ಇಡೀ ಕಾರ್ಡಿನ ಇಮೇಜ್, ಅಂದರೆ ಖಾಲಿ ಜಾಗವೂ ಸೇರಿದಂತೆ ಸೆಕ್ಟರಿಗೆ ಸೆಕ್ಟರ್ (ಸಂಗ್ರಹದ ಸಣ್ಣ ತುಣುಕು) ಪ್ರತಿಯನ್ನು, ಕಂಪ್ಯೂಟರಿನಲ್ಲಿ ಮಾಡಿಕೊಂಡು ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಸಿ. ಉಚಿತವಾಗಿ ಸಿಗುವ ಫೋಟೋರೆಕ್ ತಂತ್ರಾಂಶವು ಡೈರೆಕ್ಟರಿಯನ್ನು ನಂಬದೆ ಫೈಲಿನ ಆರಂಭದ ಚಹರೆಯನ್ನೇ ಹುಡುಕುತ್ತದೆ. ಜೆಪೆಗ್ ಚಿತ್ರಗಳೆಲ್ಲ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂಬ ಮೂರು ಬೈಟುಗಳಿಂದ ಆರಂಭವಾಗುವುದರಿಂದ ಅವುಗಳ ಜಾಡು ಸುಲಭವಾಗಿ ಹತ್ತುತ್ತದೆ. ಹೀಗೆ ಸಿಕ್ಕಿದ ಫೈಲುಗಳಿಗೆ ಹಳೆಯ ಹೆಸರು ಇರುವುದಿಲ್ಲ, ಫೋಲ್ಡರುಗಳ ವ್ಯವಸ್ಥೆಯೂ ಉಳಿಯುವುದಿಲ್ಲ. ಚಿತ್ರವೊಂದು ಕಾರ್ಡಿನಲ್ಲಿ ತುಂಡುತುಂಡಾಗಿ ಹರಡಿಕೊಂಡಿದ್ದರೆ ಮೇಲರ್ಧ ಸರಿಯಾಗಿ ಬಂದು ಕೆಳಗೆ ಬರೀ ಬೂದು ಬಣ್ಣ ಕಾಣಬಹುದು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಲೇಬೇಡಿ. ಆತುರದಲ್ಲಿ ಹಾಗೆ ಮಾಡಿ, ಇನ್ನೂ ಸಿಗಬೇಕಾದುದನ್ನು ಹಾಳುಮಾಡಿಕೊಂಡವರಲ್ಲಿ ನಾನೂ ಒಬ್ಬ.

ಪ್ರಶ್ನೆ: ಕೈಜಾರಿ ಬಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಈಗ ಟಕ್ ಟಕ್ ಎಂದು ಸದ್ದು ಮಾಡುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ. ವಿಂಡೋಸಿನ ಚೆಕ್ ಡಿಸ್ಕ್ ತಂತ್ರಾಂಶ ಓಡಿಸು ಎಂದು ಒಬ್ಬರು, ಕೆಲವು ಗಂಟೆ ಫ್ರೀಜರಿನಲ್ಲಿಡು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದನ್ನು ಮಾಡಲಿ?

ಉತ್ತರ: ಎರಡನ್ನೂ ಮಾಡಬೇಡಿ, ತಂತಿ ಕಿತ್ತು ಡಿಸ್ಕನ್ನು ಸುಮ್ಮನಿಡಿ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ, ಅದಕ್ಕೆ ತಾಗದಂತೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ, ಓದುವ ಹೆಡ್ ತೇಲುತ್ತಿರುತ್ತದೆ. ಬಿದ್ದ ಪೆಟ್ಟಿನಿಂದ ಹೆಡ್ ಕೆಟ್ಟಿದ್ದರೆ ಅದು ತನ್ನ ಜಾಡನ್ನು ಹುಡುಕಿ, ಸಿಗದೆ, ಮತ್ತೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ನಿಮಗೆ ಕೇಳಿಸುತ್ತಿರುವ ಸದ್ದು ಬಹುಮಟ್ಟಿಗೆ ಅದೇ. ಪ್ರತಿ ಬಾರಿ ಚಾಲೂ ಮಾಡಿದಾಗಲೂ ಆ ಹೆಡ್ ತಟ್ಟೆಯ ಮೇಲಿನ ಲೇಪವನ್ನು ಕೆರೆಯುವ ಅಪಾಯವಿದ್ದು, ಕೆರೆದುಹೋದ ಲೇಪದೊಂದಿಗೆ ದತ್ತಾಂಶವೂ ಶಾಶ್ವತವಾಗಿ ಹೋಗುತ್ತದೆ. ಫ್ರೀಜರಿನಿಂದ ಹೊರಬಂದ ಡಿಸ್ಕಿನ ಮೇಲೆ ತೇವ ಕಟ್ಟುತ್ತದೆ. ಚೆಕ್ ಡಿಸ್ಕ್ ರಿಪೇರಿ ಮಾಡುವುದು ಫೈಲ್ ವ್ಯವಸ್ಥೆಯ ಲೆಕ್ಕಪತ್ರವನ್ನೇ ಹೊರತು ಯಂತ್ರಭಾಗವನ್ನಲ್ಲ.

ಇಂಥ ಡಿಸ್ಕನ್ನು ಧೂಳಿಲ್ಲದ ಕ್ಲೀನ್ ರೂಮ್ ಇರುವ ಪ್ರಯೋಗಾಲಯದಲ್ಲಿ ತೆರೆದು, ಅದೇ ಮಾದರಿಯ ಮತ್ತೊಂದು ಡಿಸ್ಕಿನ ಹೆಡ್ ಜೋಡಿಸಿ ಓದಬೇಕಾಗುತ್ತದೆ. ಖರ್ಚು ಹೆಚ್ಚು, ಯಶಸ್ಸಿನ ಖಾತರಿಯೂ ಇಲ್ಲ. ಆದ್ದರಿಂದ ಒಳಗಿರುವುದು ಅಷ್ಟು ಬೆಲೆಬಾಳುತ್ತದೆಯೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ಸದ್ದಿಲ್ಲದೆ ಬರೀ ನಿಧಾನವಾಗಿ ಓದುವ ಡಿಸ್ಕಿನ ಮಾತು ಬೇರೆ. ಅದಕ್ಕೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಹಟ ಮಾಡುವ ಸೆಕ್ಟರುಗಳನ್ನು ಕೊನೆಗೆ ಬಿಟ್ಟು, ಎಲ್ಲಿಯವರೆಗೆ ಬಂದಿದ್ದೇನೆಂದು ಬರೆದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡಿಸ್ಕ್) ನಿನ್ನೆ ಅಳಿಸಿದ ಕಡತಕ್ಕೂ ಮೆಮೊರಿ ಕಾರ್ಡಿಗೆ ಹೇಳಿದ ಉಪಾಯವೇ ಸಾಕೇ?

ಉತ್ತರ: ಸಾಲದು. 2009ರ ವಿಂಡೋಸ್ 7ರಿಂದೀಚೆಗೆ, ಫೈಲ್ ಅಳಿಸಿದೊಡನೆ ‘ಈ ಜಾಗ ಬೇಡ’ ಎಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶ ಬಳಕೆಯಲ್ಲಿದೆ. ಆ ಮೇಲೆ ಎಸ್‌ಎಸ್‌ಡಿ ತನ್ನಷ್ಟಕ್ಕೆ ಆ ಭಾಗವನ್ನು ಬರಿದು ಮಾಡಿಕೊಳ್ಳುತ್ತದೆ. ನೀವು ಡಿಸ್ಕನ್ನು ಜಾಲಾಡುವ ಬದಲು ಆ ಕಡತದ ಪ್ರತಿ ಕಳುಹಿಸಿದ ಇಮೇಲಿನಲ್ಲೋ, ಕ್ಲೌಡ್ ಸೇವೆಯ ಕಸದ ಬುಟ್ಟಿಯಲ್ಲೋ, ಪದಸಂಸ್ಕಾರಕದ ಆಟೋಸೇವ್ ಫೋಲ್ಡರಿನಲ್ಲೋ ಉಳಿದಿದೆಯೇ ಎಂದು ಮೊದಲು ನೋಡಿ.